ಗಂಟೆ ಎರಡಕ್ಕೆ

ಅವನ ದನಿಯನ್ನು ಕತ್ತರಿಸುವುದೇ ಅವಳ ಕೆಲಸವಾಗಿತ್ತು. ಅದಕ್ಕೆ ತಿಂಗಳಿಗೊಮ್ಮೆ ಸಂಬಳವೂ ಬರುತ್ತಿತ್ತು.

ಚಾನೆಲ್‌ನ ನಿಯಮವೇ ಹಾಗೆ. ಸಿನಿಮಾ ನೋಡಿ ಹೊರಬಂದವರ ಅಭಿಪ್ರಾಯ ವಿಡಿಯೋದಲ್ಲಿ ಇರಬೇಕು, ಮೈಕ್ ಹಿಡಿದು ಕೇಳಿದವನ ಪ್ರಶ್ನೆ ಇರಬಾರದು. ಹಾಗಾಗಿ ಮೇಲಿನ ಮಹಡಿಯ ಕಿಟಕಿಯಿಲ್ಲದ ಎಡಿಟಿಂಗ್ ರೂಮಿನಲ್ಲಿ ಹೆಡ್‌ಫೋನ್ ಏರಿಸಿ ಕೂತ ಅವಳು, ಪ್ರತಿ ಕ್ಲಿಪ್‌ನ ತಲೆಯಲ್ಲಿದ್ದ ಅವನ "ಹೇಗಿತ್ತು?" ಎಂಬ ಮಾತನ್ನು ಚಕ್ಕನೆ ಕತ್ತರಿಸಿ ಬಿಸಾಡುತ್ತಿದ್ದಳು. ಆಫೀಸಿನಲ್ಲಿ ಅವಳಿಗೆ ಕತ್ತರಿ ಮೇಡಂ ಎಂದೇ ಹೆಸರು. ಅವನಿಗೆ ಹೇಗಿತ್ತು ಎಂದು ಹೆಸರು. "ಹೇಗಿತ್ತು ಊಟಕ್ಕೆ ಹೋದ", "ಹೇಗಿತ್ತು ಇವತ್ತು ರಜಾ" ಎಂದು ಜನ ಮಾತಾಡುವುದನ್ನು ಕೇಳಿ ಕೆಲಸಕ್ಕೆ ಹೊಸದಾಗಿ ಸೇರಿದವರು ತಲೆ ಕೆರೆದುಕೊಳ್ಳುತ್ತಿದ್ದರು.

ಬಿಸಾಡುತ್ತಿದ್ದಳು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಬಿಸಾಡುವ ಮುಂಚೆ ಒಂದು ಸಲ ಕೇಳುತ್ತಿದ್ದಳು. ಮನಸ್ಸು ತಡೆಯದಿದ್ದರೆ ಇನ್ನೊಂದು ಸಲ.

ಅವನೂ ಸುಮ್ಮನಿರುವ ಆಸಾಮಿಯಲ್ಲ. ಹೇಗೂ ಕತ್ತರಿಸಿ ಹೋಗುವ ಜಾಗ ತಾನೇ ಎಂದು ಕ್ಲಿಪ್‌ನ ಬಾಲದಲ್ಲಿ ಅವಳಿಗೆಂದೇ ಒಂದು ಮಾತು ಸೇರಿಸುತ್ತಿದ್ದ. ಮೊದಮೊದಲು ಕೆಲಸದ ಮಾತು. "ಕತ್ತರಿ ಮೇಡಂ, ಈ ಯಜಮಾನ್ರು ಕ್ಲೈಮ್ಯಾಕ್ಸ್ ಹೇಳಿಬಿಟ್ಟಿದ್ದಾರೆ, ನೋಡ್ಕೊಳ್ಳಿ." ಬರಬರುತ್ತಾ ಕೆಲಸ ಹಿಂದೆ ಸರಿಯಿತು. "ಕತ್ತರಿ ಮೇಡಂ, ಊಟ ಆಯ್ತಾ?" ಮಧ್ಯಾಹ್ನ ಟಾಕೀಸಿನ ಬಾಗಿಲಲ್ಲಿ ಅವನು ಕೇಳಿದ್ದು ಅವಳನ್ನು ತಲುಪುವ ಹೊತ್ತಿಗೆ ಸಂಜೆಯಾಗಿರುತ್ತಿತ್ತು. ಆದರೂ ಅವಳು ಖಾಲಿ ರೂಮಿನಲ್ಲಿ ಒಬ್ಬಳೇ ಕೂತು "ಆಯ್ತು" ಎನ್ನುತ್ತಿದ್ದಳು.

ಎದುರಿಗೆ ಬಂದರೆ ಮಾತ್ರ ಇಬ್ಬರ ಬಾಯಿಗೂ ಬೀಗ. ಅವನು ಮೆಟ್ಟಿಲು ಹತ್ತಿ ಬಂದು ಮೆಮೊರಿ ಕಾರ್ಡ್ ಕೊಡುತ್ತಿದ್ದ. ಉಗುರಿನಷ್ಟು ಚಿಕ್ಕ ಕಾರ್ಡು, ಬೆರಳಿಗೆ ಬೆರಳು ತಾಗದಂತೆ ಕೊಡುವುದು ಕಷ್ಟ. ತಾಗದಿರಲಿ ಎಂದು ಅವನೂ ಪ್ರಯತ್ನಿಸುತ್ತಿರಲಿಲ್ಲ, ಅವಳೂ ಪ್ರಯತ್ನಿಸುತ್ತಿರಲಿಲ್ಲ.

ಒಂದೇ ಒಂದು ದಿನ, ಕಾರ್ಡ್ ಕೊಟ್ಟ ಮೇಲೂ ಬಾಗಿಲ ಬಳಿ ನಿಂತು, "ಕಣ್ಣು ಕೆಂಪಾಗಿದೆ. ಆಗಾಗ ಸ್ಕ್ರೀನ್ ಬಿಟ್ಟು ಆಚೆ ನೋಡ್ಬೇಕು" ಎಂದಿದ್ದ.

"ಆಚೆ ಏನಿದೆ ನೋಡೋಕೆ?"

"ನಾನು ನಿಂತಿದ್ದೀನಲ್ಲ."

ಹೇಳಿದವನೇ ತನ್ನ ಧೈರ್ಯಕ್ಕೆ ತಾನೇ ಹೆದರಿ ದಡದಡನೆ ಮೆಟ್ಟಿಲಿಳಿದಿದ್ದ. ಅವಳು ಆ ಸಂಜೆಯೆಲ್ಲಾ ಒಂದೇ ಕ್ಲಿಪ್ಪನ್ನು ಮತ್ತೆ ಮತ್ತೆ ತಪ್ಪು ಜಾಗದಲ್ಲಿ ಕತ್ತರಿಸಿದಳು.

ಆಸೆ ಇರಲಿಲ್ಲವೇ ಎಂದರೆ ಇತ್ತು, ಎದೆತುಂಬಾ ಇತ್ತು. ಆದರೆ ಅವಳದು ಒಂದು ಮದುವೆಯಾಗಿ ಮುಗಿದ ಬಾಳು. ಹೊಡೆಯುವ ಗಂಡನನ್ನು ಬಿಟ್ಟು ಒಂದು ಪೆಟ್ಟಿಗೆ ಹಿಡಿದು ಅಮ್ಮನ ಮನೆಗೆ ವಾಪಸ್ ಬಂದವಳು. ನೆಂಟರೆಲ್ಲಾ ಟಿಕೆಟ್ ಕೊಳ್ಳದೆಯೇ ರಿವ್ಯೂ ಕೊಟ್ಟಿದ್ದರು. ಸ್ವಲ್ಪ ಅನುಸರಿಸಿಕೊಂಡು ಹೋಗಬಹುದಿತ್ತು ಎಂದರು ದೊಡ್ಡಮ್ಮ. ಆದದ್ದಾಯ್ತು, ಇನ್ನು ಇದ್ದಂತೆ ಇರಲಿ ಎಂದಳು ಅತ್ತಿಗೆ. ಅಮ್ಮ ಮಾತ್ರ ಆಗಲೂ ಏನೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಆ ಮೌನವೇ ಅವಳಿಗೆ ಎಲ್ಲರ ಮಾತಿಗಿಂತ ಹೆಚ್ಚು ಚುಚ್ಚುತ್ತಿತ್ತು.

ಅಷ್ಟರಲ್ಲಿ 'ಮೌನಗಂಟೆ' ಸಿನಿಮಾದ ಎರಡನೇ ಭಾಗ ಬಿಡುಗಡೆಯಾಯಿತು.

ಮೊದಲ ಭಾಗ ಊರೆಲ್ಲಾ ನೋಡಿದ್ದೇ. ಒಂದು ಹಳೆಯ ಪ್ರಾರ್ಥನಾ ಮಂದಿರ, ಅಲ್ಲಿ ತಾನಾಗಿ ಮೊಳಗುವ ಗಂಟೆ, ಗಂಟೆ ಮೊಳಗಿದಾಗಲೆಲ್ಲಾ ಒಂದು ಕೊಲೆ, ಹೆಣದ ಎದೆಯ ಮೇಲೆ ಧರ್ಮಗ್ರಂಥದ ಒಂದು ಹಾಳೆ. ಕೊನೆಗೆ ಎಲ್ಲರಿಗಿಂತ ಜೋರಾಗಿ ಪ್ರಾರ್ಥಿಸುತ್ತಿದ್ದವನೇ ಕೊಲೆಗಾರ ಎಂದು ಗೊತ್ತಾಗಿ, ಅವನ ಹೆಂಡತಿ ಬಾಗಿಲಲ್ಲಿ ಒಬ್ಬಳೇ ನಿಂತಲ್ಲಿಗೆ ತೆರೆ ಬಿದ್ದಿತ್ತು.

ಶುಕ್ರವಾರ ಮೊದಲ ಆಟ ಮುಗಿದ ಮೇಲೆ ಬಂದ ಅಭಿಪ್ರಾಯಗಳನ್ನು ಅವಳು ಕತ್ತರಿಸಲು ಕೂತಳು.

"ಇಂಟರ್ವಲ್ ತನಕ ಸಿನಿಮಾ ಸೂಪರ್. ಆಮೇಲೆ ಪಾಪ್‌ಕಾರ್ನ್ ಸೂಪರ್."

"ದೇವರ ಹೆಸರಲ್ಲಿ ಇಷ್ಟೊಂದು ರಕ್ತ ಬೇಕಿತ್ತಾ? ನಂಗ್ಯಾಕೋ ಸರಿ ಅನ್ನಿಸ್ಲಿಲ್ಲ."

"ಕೊಲೆಗಾರ ಯಾರು ಅಂತ ನಾನು ಶುರುನಲ್ಲೇ ಹೇಳಿದ್ದೆ. ಬೇಕಿದ್ರೆ ನನ್ನ ಹೆಂಡತಿನ ಕೇಳಿ."

"ಹೌದು, ಇವ್ರು ಶುರುನಲ್ಲೇ ಎಲ್ಲರ ಹೆಸರೂ ಹೇಳಿದ್ರು."

ಅವಳು ನಕ್ಕಳು. ಆದರೆ ಈ ಸಲ ಅವನು ಎಲ್ಲರಿಗೂ ಇನ್ನೊಂದು ಪ್ರಶ್ನೆ ಕೇಳುತ್ತಿದ್ದ. "ಎರಡನೇ ಭಾಗ ಬೇಕಿತ್ತಾ?" ಅದಕ್ಕೆ ಬಂದ ಉತ್ತರಗಳು ಅವಳಿಗೆ ನಗು ತರಲಿಲ್ಲ. ಬೇಕಿರಲಿಲ್ಲ ಸಾರ್. ಒಂದು ಸಲ ಮುಗಿದ ಕಥೆ ಮುಗೀತು. ಎಳೀಬಾರದು. ಇದ್ದ ಹೆಸರೂ ಹಾಳು. ಸಿನಿಮಾದ ಬಗ್ಗೆ ಹೇಳಿದ ಮಾತೇ ಅದು, ಅವಳಿಗೂ ಗೊತ್ತಿತ್ತು. ಆದರೂ ಹೆಡ್‌ಫೋನ್ ಒಳಗಿನಿಂದ ಯಾರೋ ತನ್ನ ಮುಖ ನೋಡಿಕೊಂಡೇ ಹೇಳಿದಂತಿತ್ತು.

ಕೊನೆಯ ಕ್ಲಿಪ್‌ನ ಬಾಲದಲ್ಲಿ ಅವನ ದನಿ ಎಂದಿನಂತಿರಲಿಲ್ಲ. ಗಂಟಲು ಸರಿಮಾಡಿಕೊಂಡು ಹೇಳಿದ್ದ.

"ಕತ್ತರಿ ಮೇಡಂ, ಭಾನುವಾರ ಗಂಟೆ ಎರಡಕ್ಕೆ ಬರ್ತೀರಾ? ನಾನು..."

ಅಲ್ಲಿಗೆ ಕ್ಲಿಪ್ ನಿಂತಿತ್ತು. ಅವನ ಜೊತೆ ಕ್ಯಾಮೆರಾ ಹಿಡಿಯುವವನು ಮಹಾ ಜಿಪುಣ, ಚಾರ್ಜ್ ಉಳಿಸಲು ಎಲ್ಲರ ಮಾತಿನ ನಡುವೆಯೇ ಕ್ಯಾಮೆರಾ ಆರಿಸುತ್ತಾನೆ. ಅದಕ್ಕೇ ಅವನಿಗೆ ಬ್ಯಾಟರಿ ಎಂದು ಹೆಸರು. ಎಲ್ಲರ ಮಾತನ್ನೂ ಕತ್ತರಿಸುವವಳಿಗೆ ಆ ದಿನ ಇನ್ನೊಬ್ಬ ಕತ್ತರಿಸಿದ ಮಾತು ಸಿಕ್ಕಿತ್ತು. ಆದರೇನು, ಬೇಕಾದಷ್ಟು ಸಿಕ್ಕಿತಲ್ಲ ಎಂದುಕೊಂಡಳು. ಭಾನುವಾರ, ಎರಡು ಗಂಟೆಗೆ. ಎಲ್ಲಿ ಎಂದು ಬೇರೆ ಕೇಳಬೇಕೇ? ಆಫೀಸಿನ ಮೆಟ್ಟಿಲ ಕೆಳಗಿನ ಟೀ ಅಂಗಡಿ ಬಿಟ್ಟು ಕೆಲಸವಿಲ್ಲದ ಹೊತ್ತು ಅವನು ನಿಲ್ಲುವ ಜಾಗ ಬೇರೆ ಯಾವುದಿದೆ?

ಭಾನುವಾರ ಅಮ್ಮನಿಗೆ ಆಫೀಸಿನ ಕೆಲಸವೆಂದು ಸುಳ್ಳು ಹೇಳಿ ಹೊರಟಳು. ಪೆಟ್ಟಿಗೆಯ ತಳದಿಂದ ತೆಗೆದ ಓಲೆ, ಕಾಲು ಕಚ್ಚುವ ಹೊಸ ಚಪ್ಪಲಿ. ಎರಡಕ್ಕೆ ಸರಿಯಾಗಿ ಹೋಗಿ ನಿಂತಳು. ರಜಾ ದಿನದ ಬೀದಿ ಬಿಕೋ ಎನ್ನುತ್ತಿತ್ತು. ಬಾಗಿಲು ಹಾಕಿದ ಆಫೀಸಿನ ನೆರಳು ನಿಧಾನಕ್ಕೆ ಉದ್ದವಾಗುತ್ತಾ ಅವಳ ಕಾಲಬುಡಕ್ಕೆ ಬಂತು.

"ಇನ್ನೊಂದು ಟೀ ಕೊಡ್ಲಾಮ್ಮ?" ಅಂಗಡಿಯವನು ಕೇಳುತ್ತಲೇ ಇದ್ದ. ಅವಳು ಹೂಂ ಎನ್ನುತ್ತಲೇ ಇದ್ದಳು. ಟೀ ಕುಡಿಯುವವರೆಗೆ ಅಲ್ಲಿ ನಿಲ್ಲಲು ಒಂದು ನೆಪ ಇರುತ್ತದಲ್ಲ.

ಅವನು ಬರಲಿಲ್ಲ.

"ಕೆಲಸ ಮುಗೀತಾ?" ಮನೆಗೆ ಬಂದಾಗ ಅಮ್ಮ ಕೇಳಿದಳು.

"ಮುಗೀತು."

ಅಮ್ಮ ಓಲೆ ನೋಡಿದಳು, ಕಾಲಿನ ಬೊಬ್ಬೆ ನೋಡಿದಳು. ಏನೂ ಕೇಳದೆ ಬಿಸಿನೀರು ತಂದಿಟ್ಟಳು.

ಸೋಮವಾರ ಕಾರ್ಡ್ ಕೊಡಲು ಬ್ಯಾಟರಿ ಬಂದ. ಮಂಗಳವಾರವೂ ಅವನೇ. ಕ್ಲಿಪ್‌ಗಳ ಬಾಲದಲ್ಲಿ ಬೀದಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅವಳಿಗಾಗಿ ಒಂದು ಕೆಮ್ಮು ಕೂಡ ಇರಲಿಲ್ಲ. ಇಲ್ಲವೆಂದು ಗೊತ್ತಿದ್ದೂ ಪ್ರತಿ ಕ್ಲಿಪ್ಪನ್ನೂ ಕೊನೆಯವರೆಗೆ ಕೇಳಿದಳು. ಬೀದಿಯ ಹಾರ್ನ್ ಶಬ್ದದ ಕೆಳಗೆ ಅವನ ಉಸಿರು ಎಲ್ಲಾದರೂ ಸಿಕ್ಕೀತೇ ಎಂದು ದನಿ ಹೆಚ್ಚಿಸಿ ಹುಡುಕಿದಳು. ಫೋನ್ ನಂಬರ್ ಇತ್ತು. ಆದರೆ ಕಾದವಳೇ ಕರೆ ಮಾಡಿ ಯಾಕೆ ಬರಲಿಲ್ಲ ಎಂದು ಕೇಳಬೇಕೇ? ತನ್ನ ಮೊದಲ ಭಾಗದ ಕಥೆ ಯಾರೋ ಅವನ ಕಿವಿಗೆ ಹಾಕಿರಬೇಕು, ಒಗ್ಗರಣೆ ಸಮೇತ. ಕೇಳಿ ಹಿಂಜರಿದಿದ್ದಾನೆ, ಅಷ್ಟೇ.

"ವಿಷಯ ಗೊತ್ತಾಯ್ತಾ ಮೇಡಂ?" ಬುಧವಾರ ಬ್ಯಾಟರಿ ಬಾಗಿಲಲ್ಲಿ ನಿಂತು ಹೇಳಿದ. "ಹೇಗಿತ್ತು ಹೊರಟ. ದೂರದ ಆಫೀಸಿಗೆ ಕರೀತಾನೇ ಇದ್ರು, ಇವನೇ ಆಗಲ್ಲ ಆಗಲ್ಲ ಅಂತಿದ್ದ. ಸೋಮವಾರ ಇದ್ದಕ್ಕಿದ್ದ ಹಾಗೆ ಹೂಂ ಅಂದುಬಿಟ್ಟ. ಶನಿವಾರ ಹೋಗ್ತಾನೆ."

"ಒಳ್ಳೇದಾಯ್ತು," ಎಂದಳು. ಅವನು ಮೆಟ್ಟಿಲಿಳಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು, ಏನನ್ನೂ ಓಡಿಸದೆ, ಬಹಳ ಹೊತ್ತು ಕೂತಿದ್ದಳು. ಕಣ್ಣೀರು ಬಂತು, ಬರಲಿ ಎಂದು ಬಿಟ್ಟಳು.

ಗುರುವಾರ ಬೆಳಗ್ಗೆ ಹಿಂದಿನ ಸಂಜೆಯ ಕಾರ್ಡ್ ಬಂತು. ಮೊದಲ ಕ್ಲಿಪ್ ತೆರೆದವಳು ಹಾಗೇ ಕೂತುಬಿಟ್ಟಳು. ಪರದೆಯ ಮೇಲೆ, ಕೈಚೀಲ ಅವುಚಿಕೊಂಡು, ಮೈಕಿಗೆ ಹೆದರದೆ ನಿಂತಿದ್ದವಳು ಅಮ್ಮ.

ಪಕ್ಕದ ಮನೆಯವರ ಜೊತೆ ಭಕ್ತಿ ಸಿನಿಮಾಕ್ಕೆ ಹೋಗಿದ್ದೆ ಎಂದಷ್ಟೇ ಹೇಳಿ ಹಿಂದಿನ ರಾತ್ರಿ ಅಮ್ಮ ಬೇಗ ಮಲಗಿದ್ದಳು.

"ಹೇಗಿತ್ತಮ್ಮ?" ಅವನ ದನಿ. ಅವನಿಗೆ ಇವಳು ಯಾರ ಅಮ್ಮ ಎಂದು ಗೊತ್ತಿಲ್ಲ.

"ಏನು ಹೇಗಿತ್ತು? ಪೋಸ್ಟರಲ್ಲಿ ದೀಪ ಹಾಕಿದ್ರು, ಗಂಟೆ ಹಾಕಿದ್ರು. ದೇವರ ಸಿನಿಮಾ ಅಂತ ಬಂದೆ. ಕೂತ ಕೂಡ್ಲೇ ಒಬ್ಬನ ಕತ್ತು ಕುಯ್ದ್ರು."

"ಎದ್ದು ಹೋಗ್ಲಿಲ್ವಾ?"

"ಹೇಗೆ ಹೋಗ್ಲಪ್ಪ, ಕುಯ್ದಿದ್ದು ಯಾರು ಅಂತ ಗೊತ್ತಾಗ್ಬೇಡ್ವಾ?"

ಅವನು ನಕ್ಕ. ಆ ನಗು ಕೇಳಿ ಎಷ್ಟು ದಿನವಾಗಿತ್ತು. "ಎರಡನೇ ಭಾಗ ಬೇಕಿತ್ತಾಮ್ಮ?"

ಅಮ್ಮ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿದಳು.

"ಬೇಕಿತ್ತು. ಕೂತ ಮೇಲೆ ತಿಳೀತು, ಇದರ ಮೊದಲನೇದನ್ನ ನಾನು ಟೀವಿಲಿ ನೋಡಿದ್ದೆ. ತಪ್ಪು ಮಾಡಿದವನು ಯಾರು ಅಂತ ಗೊತ್ತಾಯ್ತು, ಎಲ್ಲರೂ ಎದ್ದು ಹೋದ್ರು. ಆ ಹುಡುಗಿ ಬಾಗಿಲಲ್ಲಿ ಹಾಗೇ ನಿಂತಿದ್ಲಲ್ಲ, ಅವಳ ಗತಿ ಏನು ಅಂತ ಯಾರಾದ್ರೂ ಕೇಳಿದ್ರಾ? ಅವಳಿಗೋಸ್ಕರ ಆದ್ರೂ ಎರಡನೇದು ಬೇಕು. ನಮ್ಮನೇಲೂ ಒಬ್ಬಳು ಹಾಗೇ ನಿಂತಿದ್ದಾಳೆ. ಭಾನುವಾರ ಓಲೆ ಹಾಕ್ಕೊಂಡು ಎಲ್ಲಿಗೋ ಹೋದ್ಲು, ಸಪ್ಪೆ ಮುಖ ಹಾಕ್ಕೊಂಡು ವಾಪಸ್ ಬಂದ್ಲು. ಅವಳಿಗೆ ಇದನ್ನೆಲ್ಲಾ ಹೇಳೋಕೆ ನಂಗೆ ಬಾಯಿ ಬರಲ್ಲ. ನಿಮ್ಮ ಮೈಕಿಗೆ ಹೇಳ್ತಿದ್ದೀನಿ."

ಆ ಮೈಕಿಗೆ ಹೇಳಿದ್ದು ಮಗಳ ಕಿವಿಗೇ ಹೋಗಿ ಬೀಳುತ್ತದೆಂದು ಅಮ್ಮನಿಗೆ ಗೊತ್ತಿತ್ತೋ ಇಲ್ಲವೋ, ಅದನ್ನು ಅವಳು ಇವತ್ತಿಗೂ ಬಾಯಿಬಿಟ್ಟಿಲ್ಲ. ಮಗಳು ಮಾತ್ರ ಪರದೆಯ ಮೇಲೆ ಅಮ್ಮನ ಕೆನ್ನೆಯಿದ್ದ ಕಡೆ ಕೈಯಿಟ್ಟು ಅತ್ತಳು.

ಕ್ಲಿಪ್ ಇನ್ನೂ ಓಡುತ್ತಿತ್ತು. "ಇರಲಿ ಬಿಡಪ್ಪ," ಎಂದು ಅಮ್ಮ ಸ್ವರ ಬದಲಿಸಿದಳು. "ಆದ್ರೆ ಈ ಸಿನಿಮಾಕ್ಕೆ ಹೆಸರಿಡೋಕೆ ಬೇರೆ ಏನೂ ಸಿಗ್ಲಿಲ್ವಾ? ಪಕ್ಕದ್ಮನೆಯವ್ರು ಬೆಳಗ್ಗೆ, 'ಗಂಟೆ ಎರಡಕ್ಕೆ ಹೋಗೋಣ ಬನ್ನಿ' ಅಂದ್ರು. ನಾನು ಎರಡು ಗಂಟೆಗೆ ಅಂದ್ಕೊಂಡು ಅರ್ಧಂಬರ್ಧ ಊಟ ಮಾಡಿ, ಬೀಗ ಹಾಕಿ ಮೆಟ್ಟಿಲಲ್ಲಿ ಕೂತೆ. ಅವ್ರು ಹೊರಟಿದ್ದು ಸಂಜೆ ಆಟಕ್ಕೆ. ಕೇಳಿದ್ರೆ ಸಿನಿಮಾನ ಎಲ್ಲರೂ ಕರೆಯೋದೇ ಹಾಗಂತೆ. ಗಂಟೆ ಒಂದು, ಗಂಟೆ ಎರಡು."

ಅವಳ ಅಳು ಅಲ್ಲೇ ನಿಂತಿತು.

ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಗಂಟೆ ಎರಡಕ್ಕೆ. ಅವಳ ರೂಮಿನಲ್ಲಿ ಆ ಸಿನಿಮಾದ ಫೈಲಿಗೆ 'ಭಾಗ ಎರಡು' ಎಂದು ಹೆಸರು, ಅದಕ್ಕಿಂತ ಆಚೆ ಅವಳು ನೋಡಿರಲಿಲ್ಲ. ಬೀದಿ ಅದಕ್ಕೆ ಬೇರೆ ಹೆಸರಿಟ್ಟಿತ್ತು. ಅವನು ಹಗಲೆಲ್ಲಾ ಬೀದಿಯಲ್ಲಿ ನಿಲ್ಲುವವನು. ಅವನು ಅವಳನ್ನು ಕರೆದಿದ್ದು ಸಿನಿಮಾಕ್ಕೆ. ಅವಳು ಹೋಗಿ ನಿಂತಿದ್ದು ಗಡಿಯಾರಕ್ಕೆ.

ಪರದೆಯಲ್ಲಿ ಮೈಕ್ ನಿಧಾನಕ್ಕೆ ಕೆಳಗಿಳಿಯಿತು. ಅವನು ಏನೋ ಹೊಳೆದವನಂತೆ, "ಎರಡು ಗಂಟೆಗೆ ಅಂದ್ಕೊಂಡ್ರಾ ಅಮ್ಮ?" ಎಂದ.

"ಯಾರಾದ್ರೂ ಹಾಗೇ ಅಂದ್ಕೋತಾರಪ್ಪ," ಎಂದು ಅಮ್ಮ ಚೀಲ ಹೆಗಲಿಗೇರಿಸಿ ಹೊರಟಳು.

ಖಾಲಿ ಬಾಗಿಲು. ಬೀದಿಯ ಸದ್ದು. ಆಮೇಲೆ ಅವನ ದನಿ, ಮೊದಲು ಬ್ಯಾಟರಿಗೆ. "ಆರಿಸ್ಬೇಡ್ವೋ, ಇನ್ನೂ ಮುಗಿದಿಲ್ಲ." ಆಮೇಲೆ ತೀರಾ ಮೆಲ್ಲಗೆ, ಅವಳಿಗೆ. "ಕತ್ತರಿ ಮೇಡಂ, ಭಾನುವಾರ ಎರಡು ಗಂಟೆಗೆ ನೀವು ಎಲ್ಲಿದ್ರಿ? ನಾನು ಸಂಜೆ ಆಟಕ್ಕೆ ಎರಡು ಟಿಕೆಟ್ ಹಿಡ್ಕೊಂಡು ಇಲ್ಲೇ ನಿಂತಿದ್ದೆ. ನೀವು ಬರ್ಲಿಲ್ಲ ಅಂದ್ರೆ ಅದೇ ಉತ್ತರ, ಮತ್ತೆ ಕೇಳಿ ಕಾಟ ಕೊಡಲ್ಲ ಅಂತ ಅವತ್ತು ಹೇಳಿದ್ದೆ. ಅದು ರೆಕಾರ್ಡ್ ಆಗಿತ್ತೋ ಇಲ್ವೋ ಈಗ ಅನುಮಾನ ಬರ್ತಿದೆ. ನಾಳೆ ಸಂಜೆನೂ ಇಲ್ಲೇ ಇರ್ತೀನಿ."

ಅವಳು ಕಟ್ ಮಾಡುತ್ತಿದ್ದ ವಿಡಿಯೋ ಹಾಗೇ ಅರ್ಧಕ್ಕೆ ಬಿಟ್ಟು ಎದ್ದದ್ದು ಅದೇ ಮೊದಲು. "ಎಲ್ಲಿಗೆ?" ಎಂದು ಕೇಳಿದ ಮೇಲಧಿಕಾರಿಗೆ "ಸಿನಿಮಾಕ್ಕೆ, ಸಂಜೆ ಆಟಕ್ಕೆ" ಎಂದಳು. "ಸಂಜೆ ಆಟಕ್ಕೆ ಈಗ್ಲೇ ಯಾಕಮ್ಮ?" ಎಂದು ಅವರು ಗಡಿಯಾರ ನೋಡಿದರು. ಆಗಿನ್ನೂ ಮಧ್ಯಾಹ್ನವೂ ಆಗಿರಲಿಲ್ಲ. ಅವಳು ವಾಪಸ್ ಬಂದು ಕೂತು, ಸಂಜೆಯಾಗುವವರೆಗೆ ಒಂದು ಕ್ಲಿಪ್ಪನ್ನೂ ಸರಿಯಾಗಿ ಕತ್ತರಿಸಲಿಲ್ಲ.

ಸಂಜೆ ಟಾಕೀಸಿನ ಬಾಗಿಲಲ್ಲಿ ಜನ ಒಳಗೂ ಹೊರಗೂ ನುಗ್ಗುತ್ತಿದ್ದರು. ಅವನು ಬೆನ್ನು ಮಾಡಿ ನಿಂತು ಯಾರನ್ನೋ ಕೇಳುತ್ತಿದ್ದ. ತಿರುಗಿದ. ಅವಳನ್ನು ಕಂಡ. ಅಭ್ಯಾಸಬಲ, ಕೈಯಲ್ಲಿದ್ದ ಮೈಕ್ ತಾನಾಗಿ ಅವಳ ಮುಖದ ಮುಂದೆ ಬಂತು. ಬಾಯಿಗೂ ಅಭ್ಯಾಸದ ಮಾತೇ ಬಂತು.

"ಹೇಗಿತ್ತು?"

"ಇನ್ನೂ ನೋಡಿಲ್ಲ," ಎಂದಳು. "ಗಂಟೆ ಎರಡಕ್ಕೆ ಬಂದಿದ್ದೀನಿ."

ಅವನ ಕಣ್ಣು ತುಂಬಿತು, ತುಟಿ ನಗುತ್ತಿತ್ತು. "ಟೀ ಅಂಗಡಿಯವನನ್ನ ಬೆಳಗ್ಗೆ ಕೇಳಿದೆ. ಭಾನುವಾರ ಒಬ್ರು ಒಂದರ ಮೇಲೊಂದು ಟೀ ಕುಡಿದ್ರು, ಪಾಪ ಅಂದ."

"ಮತ್ತೆ ಮೇಲೆ ಬಂದು ಹೇಳ್ಬಾರ್ದಿತ್ತಾ?"

"ನಿಮ್ಮ ಎದುರಿಗೆ ನಂಗೆ ಮಾತು ಬರಲ್ಲ. ಮೈಕ್ ಬೇಕು."

"ಈಗ ಮೈಕ್ ಇದೆಯಲ್ಲ, ಕೇಳಿ."

ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದ. "ಎರಡನೇ ಭಾಗ ಬೇಕಾ?"

"ನನ್ನ ಮೊದಲನೇದು ಗೊತ್ತಾ ನಿಮಗೆ?"

"ಗೊತ್ತು. ಇಡೀ ಆಫೀಸು ರಿವ್ಯೂ ಹೇಳಿದೆ. ನಾನು ಯಾರ ರಿವ್ಯೂನೂ ನಂಬಲ್ಲ, ದಿನಾ ಅವನ್ನೇ ಕೇಳೋ ಕೆಲಸ ನಂದಲ್ವಾ?"

ಅವಳಿಗೆ ನಗು ಬಂತು. ನಗುತ್ತಲೇ ಮೈಕಿಗೆ ಬಾಯಿ ಹತ್ತಿರ ತಂದು, "ಬೇಕು" ಎಂದಳು.

ಹಿಂದೆ ನಿಂತಿದ್ದ ಬ್ಯಾಟರಿ ಕ್ಯಾಮೆರಾ ಆರಿಸುವುದನ್ನೇ ಮರೆತಿದ್ದ. ದೂರದ ಆಫೀಸಿಗೆ ಬರುವುದಿಲ್ಲವೆಂದು ಮೈಕ್ ಹಿಡಿದವನು ಅಲ್ಲಿಂದಲೇ ಫೋನ್ ಮಾಡಿ ಹೇಳಿದ, ಬೈಸಿಕೊಂಡ. ಆಮೇಲೆ ಇಬ್ಬರೂ ಒಳಗೆ ಹೋಗಿ ಕೂತರು. ಮೊದಲ ಕೊಲೆಗೇ ಅವಳು ಅವನ ಕೈ ಹಿಡಿದಳು. ಕೊಲೆಗಾರ ಯಾರೆಂದು ಇಬ್ಬರಿಗೂ ಮೊದಲೇ ಗೊತ್ತಿತ್ತು.

ಮರುದಿನ ಆ ಕ್ಲಿಪ್ ಅವಳ ಟೇಬಲ್ಲಿಗೇ ಬಂತು. ನಿಯಮದ ಪ್ರಕಾರ ಅವನ ಪ್ರಶ್ನೆಯನ್ನು ಕತ್ತರಿಸಬೇಕಿತ್ತು. ಅವಳು ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ಏನನ್ನೂ ಕತ್ತರಿಸದೆ, ಸಂಜೆ ಅಮ್ಮನಿಗೆ ತೋರಿಸಲು ಮನೆಗೆ ಒಯ್ದಳು.