ಸೋಮವಾರದ ಉಸಿರು

ಅವಳನ್ನು ಮೊದಲು ಕಂಡ ದಿನವೇ ನಾನೊಂದು ಸುಳ್ಳು ಹೇಳಿದೆ.

ಮಕ್ಕಳ ಆಸ್ಪತ್ರೆಯಲ್ಲಿ ಶ್ವಾಸಕೋಶದ ಪರೀಕ್ಷೆ ಮಾಡುವ ಟೆಕ್ನಿಷಿಯನ್ ನಾನು. ನನ್ನ ಕೋಣೆಗೆ ಬಂದ ಮಕ್ಕಳು ಮೆಷಿನ್ನಿನ ಕೊಳವೆಯೊಳಗೆ ಜೋರಾಗಿ ಊದಿದರೆ ಕಂಪ್ಯೂಟರ್ ಪರದೆಯ ಮೇಲಿನ ಚಿತ್ರದ ಮೇಣದಬತ್ತಿಗಳು ಆರುತ್ತವೆ. ಮೆಷಿನ್ ಸರಿಯಿದೆಯೇ ಎಂದು ನೋಡಲು ವಾರಕ್ಕೊಮ್ಮೆ ಆರೋಗ್ಯವಾಗಿರುವ ಯಾರಾದರೂ ಊದಬೇಕು. ನಾನೇ ಊದಬಹುದಿತ್ತು. ಆದರೆ ತರಬೇತಿಗೆ ಬಂದ ಆ ಹೊಸ ಡಾಕ್ಟರ್ ಬಾಗಿಲಲ್ಲಿ ನಿಂತು ನಕ್ಕಾಗ, "ಇದಕ್ಕೆ ಡಾಕ್ಟರೇ ಊದಬೇಕು ಮೇಡಂ," ಎಂದುಬಿಟ್ಟೆ.

ಹಾಗೆ ಮೂರು ವರ್ಷ, ಪ್ರತಿ ಸೋಮವಾರ ಬೆಳಿಗ್ಗೆ ಬಂದಳು. ಮೂಗಿಗೆ ಕ್ಲಿಪ್ ಸಿಕ್ಕಿಸಿಕೊಂಡು, ಕಣ್ಣಂಚಲ್ಲಿ ನನ್ನನ್ನೇ ನೋಡುತ್ತ ಊದುತ್ತಿದ್ದಳು. ಕಿಟಕಿಯ ಎಳೆಬಿಸಿಲು ಅವಳ ಮುಂಗುರುಳಲ್ಲಿ ಬಂದು ಕೂರುತ್ತಿತ್ತು. "ಊದಿ, ಊದಿ, ಇನ್ನೂ ಸ್ವಲ್ಪ," ಎನ್ನುತ್ತ ನಾನು ಉಸಿರಾಡುವುದನ್ನೇ ಮರೆಯುತ್ತಿದ್ದೆ.

"ನಮ್ಮಮ್ಮ ಕೇಳ್ತಾರೆ," ಎಂದಳೊಮ್ಮೆ. "ಎಂಬಿಬಿಎಸ್ ಆಯ್ತು, ಮಕ್ಕಳ ಎಂಡಿ ಆಯ್ತು, ಈಗ ಬರೀ ಶ್ವಾಸಕೋಶ. ಮುಂದೆ ಎಡಗಡೇದು ಬೇರೆ, ಬಲಗಡೇದು ಬೇರೆ ಓದ್ತೀಯೇನೇ ಅಂತ."

"ಏನಂದ್ರಿ?"

"ಇದೊಂದು ಮುಗೀಲಿ ಬಿಡಮ್ಮ ಅಂದೆ."

ಅದೂ ಮುಗಿದೇ ಹೋಯಿತು. ಪಾಸಾದಳು, ಬೇರೆ ಊರಲ್ಲಿ ಕೆಲಸವೂ ಸಿಕ್ಕಿತು. ಕೊನೆಯ ಸೋಮವಾರ ಬಂದಾಗ, ಇವತ್ತು ಬಾಯಿ ಬಿಡದಿದ್ದರೆ ಇವಳು ಕೈತಪ್ಪಿ ಹೋಗುತ್ತಾಳೆ ಎಂದು ಗೊತ್ತಿದ್ದೂ ನನ್ನ ನಾಲಿಗೆ ಹೊರಳಲಿಲ್ಲ.

ಅವಳು ಕೊಳವೆಯನ್ನು ನನ್ನ ಕಡೆಗೇ ಚಾಚಿದಳು. "ಇವತ್ತು ನೀವು ಊದಿ."

"ಡಾಕ್ಟರೇ ಊದಬೇಕಲ್ಲ ಮೇಡಂ..."

"ಯಾರು ಊದಿದ್ರೂ ಆಗುತ್ತೆ. ಬಂದ ಮೊದಲನೇ ವಾರಾನೇ ಮೆಷಿನ್ ಪುಸ್ತಕದಲ್ಲಿ ಓದಿದ್ದೆ."

ನನ್ನ ಕಿವಿ ಬಿಸಿಯಾಯಿತು. "ಮತ್ತೆ ಇಷ್ಟು ದಿನ ಯಾಕೆ ಬಂದ್ರಿ?"

"ನೀವ್ಯಾಕೆ ಕರೆದ್ರಿ, ಅದನ್ನ ಮೊದಲು ಹೇಳಿ."

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. "ನೀವಂದ್ರೆ ನಂಗಿಷ್ಟ. ವಾರಕ್ಕೊಂದು ಸಲನಾದ್ರೂ ನೋಡ್ಬೇಕು ಅನ್ನಿಸ್ತಿತ್ತು, ಅದಕ್ಕೇ ಸುಳ್ಳು ಹೇಳ್ದೆ. ನೀವು ಹೋದ್ಮೇಲೆ ಈ ಕೋಣೇಲಿ ಹೇಗಿರ್ಬೇಕೋ ಗೊತ್ತಾಗ್ತಿಲ್ಲ."

ಅವಳು ಬಿಳಿ ಕೋಟಿನ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಅದರ ಮಡಿಕೆಗಳನ್ನು ಬೆರಳಿಂದ ನಿಧಾನವಾಗಿ ಸರಿಪಡಿಸಿದಳು.

"ನಾನು ಹೋಗೋ ಆಸ್ಪತ್ರೇಲಿ ಹೊಸ ಮೆಷಿನ್ ತಂದಿಟ್ಟಿದ್ದಾರೆ, ನಡೆಸೋರಿಲ್ಲ. ಅರ್ಜಿ ಹಾಕ್ತೀರಾ?"

"ಕೆಲಸಕ್ಕಾ?"

"ಕೆಲಸಕ್ಕೂ," ಎಂದಳು, ತಲೆ ಎತ್ತದೆ.