ಒಣಗದ ಗೋಡೆ

"ಯಾರು ಒದ್ದಿದ್ದು?"

ಬಂದವನ ಮೊದಲ ಮಾತೇ ಇದು. ಗುಡ್ ಮಾರ್ನಿಂಗ್ ಇಲ್ಲ, ಹೆಸರು ಹೇಳಲಿಲ್ಲ. ಪ್ಯಾಸೇಜಿನಲ್ಲಿ ಮಂಡಿಯೂರಿ ಕೂತು, ತೆಳು ಹಲಗೆಯ ಗೋಡೆಯ ತೂತಿನೊಳಗೆ ಎರಡು ಬೆರಳು ತೂರಿಸಿ, ರೋವೆನಾಳನ್ನು ಅಪರಾಧಿಯ ಹಾಗೆ ನೋಡಿದ.

ಡೆವನ್‌ಪೋರ್ಟಿನಲ್ಲಿ ಗೋಡೆ ಕೆಲಸದವರನ್ನು ಹಿಡಿಯುವುದು ಎಷ್ಟು ಕಷ್ಟವೆಂದು ಅಲ್ಲಿ ಮನೆ ಮಾಡಿದವರನ್ನೇ ಕೇಳಬೇಕು. ಮೊದಲನೆಯವನು ಬರುತ್ತೇನೆಂದು ಹೇಳಿ ಕೈಕೊಟ್ಟ. ಎರಡನೆಯವನು ಬಂದ, ಅಳತೆ ತೆಗೆದ, ಟೀ ಕುಡಿದ, ಆಮೇಲೆ ಫೋನೇ ಎತ್ತಲಿಲ್ಲ. ಈ ಮೂರನೆಯವನ ಹೆಸರು ಡೂಗಲ್, ಪಕ್ಕದ ಊರು ಅಲ್ವರ್‌ಸ್ಟನ್ನಿನವನು. ನಂಬರು ಕೊಟ್ಟದ್ದು ಪಕ್ಕದ ಮನೆಯ ಬೆರಿಲ್. ಹೇಗೋ ಬಂದನಲ್ಲ ಎಂದು ರೋವೆನಾ ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಈ ವಿಚಾರಣೆ.

"ಯಾರೂ ಒದ್ದಿಲ್ಲ," ಎಂದಳು.

"ನೋಡಿ, ಜನ ಒಡೆದಿದ್ದನ್ನ ಮುಚ್ಚೋದೇ ನನ್ನ ಹೊಟ್ಟೆಪಾಡು. ಎದೆ ಮಟ್ಟದಲ್ಲಿದ್ರೆ ಗುದ್ದು. ಮೊಣಕಾಲಿಂದ ಕೆಳಗಿದ್ರೆ ಒದೆತ. ನನ್ನ ಹತ್ರ ಸುಳ್ಳು ಹೇಳೋದು ಬೇಡ." ದನಿ ತಗ್ಗಿಸಿದ. "ಅವನು ಈಗ ಮನೇಲಿದ್ದಾನಾ?"

"ಯಾರು, ನನ್ನ ಗಂಡನಾ? ಲಾನ್ಸೆಸ್ಟನ್‌ನಲ್ಲಿದ್ದಾನೆ."

"ಒಳ್ಳೇದಾಯ್ತು, ಅಲ್ಲೇ ಇರ್ಲಿ. ನಮ್ಮ ಅಕ್ಕನ ಮನೇಲಿ ಒಂದು ಕೋಣೆ ಖಾಲಿ ಇದೆ. ನಿಮಗೆ ಬೇಕು ಅಂದ್ರೆ ಇವತ್ತೇ..."

ರೋವೆನಾಗೆ ನಗು ಬಂತು. ತಡೆಯಲು ಹೋದರೆ ಇನ್ನೂ ಬಂತು. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನು ತೂತಿನಿಂದ ಬೆರಳು ತೆಗೆಯುವುದನ್ನೂ ಮರೆತು ಅವಳನ್ನೇ ನೋಡುತ್ತಿದ್ದ.

"ಆಸ್ಪತ್ರೇಲಿದ್ದಾನೆ ಕಣ್ರೀ. ಸ್ಟ್ರೋಕ್ ಆಗಿದೆ. ಬಲಗೈ ಬಲಗಾಲು ಎರಡೂ ಬಿದ್ದುಹೋಗಿದೆ. ನೋಡೋಣ ಅಂತ ಒಂದು ದಿನದ ಮಟ್ಟಿಗೆ ಮನೆಗೆ ಕಳಿಸಿದ್ರು. ಇಲ್ಲಿ ತಿರುಗಿಸೋವಾಗ ಗಾಲಿಕುರ್ಚಿಯ ಕಾಲಿಡೋ ಕಬ್ಬಿಣ ಗೋಡೆಗೆ ಹೊಕ್ಕಿತು. ತಳ್ತಾ ಇದ್ದೋಳು ನಾನು. ನಾನೇ ಒದ್ದೆ ಅಂತ ಬರ್ಕೊಳ್ಳಿ."

ಡೂಗಲ್‌ನ ಕಿವಿ ಕೆಂಪಾಯಿತು. ಮೊದಲು ಕಿವಿಯ ತುದಿ, ಆಮೇಲೆ ಕತ್ತು, ಆಮೇಲೆ ಇಡೀ ಮುಖ. ನಲವತ್ತು ದಾಟಿದ ಗಂಡಸು ಅಷ್ಟು ಚೆನ್ನಾಗಿ ಕೆಂಪಾಗುವುದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಅಳತೆ ಪಟ್ಟಿ ಹುಡುಕತೊಡಗಿದ. ಪಟ್ಟಿ ಅವನ ಕೈಯಲ್ಲೇ ಇತ್ತು.

ಕೆಲಸ ದೊಡ್ಡದೇ ಇತ್ತು. ಹಿಂದಿನ ಸಾಮಾನು ಕೋಣೆಯನ್ನು ಗಂಡ ರಸೆಲ್ ಮಲಗುವ ಕೋಣೆ ಮಾಡಬೇಕು. ಬಾಗಿಲು ಅಗಲವಾಗಬೇಕು, ಅವನು ಹಿಡಿದು ಏಳುವ ಹಿಡಿಕೆಗಳಿಗಾಗಿ ಗೋಡೆಯೊಳಗೆ ಮರ ಕೂರಿಸಬೇಕು, ಅದರ ಮೇಲೆ ಹೊಸ ಪ್ಲಾಸ್ಟರ್‌ಬೋರ್ಡ್ ಹಲಗೆ. ಪ್ಯಾಸೇಜು ಕೊನೆಗೆ. ಕೋಣೆ ಸಿದ್ಧವಾದ ದಿನ ರಸೆಲ್ ಮನೆಗೆ ಬರುತ್ತಾನೆ, ಅಲ್ಲಿಯವರೆಗೆ ಆಸ್ಪತ್ರೆಯವರು ಬಿಡುವುದಿಲ್ಲ.

ರೋವೆನಾ ಬೇಕರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಬರುವ ಹೊತ್ತಿಗೆ ಡೂಗಲ್‌ಗೆ ಟೀ ಹೊತ್ತು. ಬರುವಾಗ ಚಿಪ್ಪುಮೀನು ತುಂಬಿ ಸುಟ್ಟ ಒಂದು ಸ್ಕ್ಯಾಲಪ್ ಪೈ ತಂದಳು. ಮರುದಿನ ಎರಡು ತಂದಳು, ಒಂದು ತನಗೆ.

ಅವನು ಪೈನ ಮೇಲಿನ ಮುಚ್ಚಳವನ್ನು ಬಿಡಿಸಿ ಮೊದಲು ಅದನ್ನೇ ತಿಂದ.

"ಪೈ ತಿನ್ನೋ ರೀತೀನಾ ಇದು?"

"ಹಾಗೇ ಕಚ್ಚಿದ್ರೆ ಅಡಿಯಿಂದ ಸೋರುತ್ತೆ. ನಿಮ್ಮ ಬೇಕರೀಲಿ ತಳ ತೀರಾ ತೆಳ್ಳಗೆ ಮಾಡ್ತಾರೆ."

"ತಳ ಮಾಡೋಳು ನಾನೇ."

ಅವನು ಅಗಿಯುವುದನ್ನು ನಿಲ್ಲಿಸಿದ. ಕಿವಿಯ ತುದಿ ಕೆಂಪಾಯಿತು. "ತೆಳ್ಳಗಿರೋದೇ ಚೆಂದ," ಎಂದ.

ಅವನ ಹುಬ್ಬಿನ ತುಂಬ ಬಿಳಿ ಪುಡಿ, ರೆಪ್ಪೆಯ ಮೇಲೂ ಪುಡಿ. ನಡುವೆ ಕಣ್ಣು ಮಾತ್ರ ನೀಲಿಯಾಗಿ ಹೊಳೆಯುತ್ತಿತ್ತು. ಅವಳಿಗೆ ಸುಮ್ಮನಿರಲಾಗಲಿಲ್ಲ.

"ಥೇಟ್ ಮುದುಕನ ಹಾಗೆ ಕಾಣ್ತೀರಾ."

"ಮುದುಕನಾದ್ಮೇಲೆ ಹೇಗಿರ್ತೀನಿ ಅಂತ ಈಗ್ಲೇ ನೋಡಿಬಿಟ್ರಿ. ಪರವಾಗಿಲ್ವಾ?"

ತಮಾಷೆಗೇ ಕೇಳಿದ್ದ. ಆದರೆ ಕೇಳಿದ ಮೇಲೆ ಇಬ್ಬರೂ ಟೀ ಲೋಟದೊಳಗೆ ನೋಡಿದರು. ಆ ಪ್ರಶ್ನೆಗೆ ಅವಳು ಮನಸ್ಸಿನಲ್ಲೇ ಉತ್ತರ ಕೊಟ್ಟುಬಿಟ್ಟಿದ್ದಳು, ಹೇಳಲಿಲ್ಲ ಅಷ್ಟೆ.

ಹಲಗೆ ಕೂರಿಸಿದ್ದಾಯಿತು. ಸಂದುಗಳಿಗೆ ಕಾಗದದ ಪಟ್ಟಿ ಅಂಟಿಸಿ ಪುಟ್ಟಿ ಬಳಿದ. ಅದು ಒಣಗಬೇಕು. ಅದರ ಮೇಲೆ ಇನ್ನೊಂದು ಸಲ, ಇನ್ನೂ ಅಗಲಕ್ಕೆ. ಅದೂ ಒಣಗಬೇಕು. ಆಮೇಲೆ ಮೂರನೆಯದು. ಜುಲೈ ಅಲ್ಲಿ ನಡು ಚಳಿಗಾಲ, ಯಾವುದೂ ಬೇಗ ಒಣಗುವುದಿಲ್ಲ. ಒಣಗುವ ಹೊತ್ತಿನಲ್ಲಿ ಕೆಲಸದವನಿಗೆ ಮನೆಯಲ್ಲಿ ಏನು ಕೆಲಸ? ಏನೂ ಇಲ್ಲ. ಆದರೂ ಡೂಗಲ್ ಬರುತ್ತಿದ್ದ, ಗೋಡೆ ಮುಟ್ಟಿ ನೋಡುತ್ತಿದ್ದ, ಕೂತು ಮಾತಾಡುತ್ತಿದ್ದ. ಬಿಟ್ಟುಹೋದ ಹೆಂಡತಿಯ ಬಗ್ಗೆ, ಅವಳು ಹೋಗುವಾಗ ನಾಯಿಯನ್ನೂ ಕರೆದುಕೊಂಡು ಹೋದದ್ದರ ಬಗ್ಗೆ. "ನಾಯೀನಾದ್ರೂ ಬಿಟ್ಟು ಹೋಗ್ಬಹುದಿತ್ತು," ಎಂದು ನಗುತ್ತಿದ್ದ. ಆ ನಗು ಕೇಳಿದರೆ ರೋವೆನಾ ಅವನ ಲೋಟಕ್ಕೆ ಇನ್ನಷ್ಟು ಟೀ ಸುರಿಯುತ್ತಿದ್ದಳು.

ಮೂರನೆಯ ಪುಟ್ಟಿಯನ್ನೂ ಉಜ್ಜಿದ ದಿನ, ಅವನು ಕಿಟಕಿಗೆ ಪರದೆ ಎಳೆದು ಅವಳ ಕೈಗೆ ದೀಪ ಕೊಟ್ಟ.

"ಗೋಡೆಗೆ ತಾಗಿಸಿ ಹಿಡಿ. ಎದುರಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಪಕ್ಕದಿಂದ ಬೆಳಕು ಬಿದ್ರೆ ಉಬ್ಬು ತಗ್ಗೆಲ್ಲ ನೆರಳು ಬಿಡುತ್ತೆ."

ಅವಳು ಹಿಡಿದಳು. ಅವನು ಕಣ್ಣು ಮುಚ್ಚಿ ಅಂಗೈಯನ್ನು ಗೋಡೆಯ ಮೇಲೆ ನಿಧಾನವಾಗಿ ಸರಿಸುತ್ತಾ ಬಂದ, ಅವಳ ಬೆರಳಿನ ಹತ್ತಿರ ಬಂದು ನಿಲ್ಲಿಸಿದ. ಕಣ್ಣು ತೆರೆದ. ಇಬ್ಬರ ನಡುವೆ ದೀಪದಷ್ಟೇ ಜಾಗವಿತ್ತು.

"ಇಲ್ಲಿ ಸ್ವಲ್ಪ ಉಬ್ಬಿದೆ," ಎಂದ.

ರೋವೆನಾ ನೋಡಿದಳು. ಎಲ್ಲೂ ನೆರಳಿರಲಿಲ್ಲ. ಗೋಡೆ ಕೆನೆಯ ಹಾಗೆ ನುಣ್ಣಗಿತ್ತು.

"ಹೌದು," ಎಂದಳು. "ಉಬ್ಬಿದೆ."

ಅಲ್ಲಿಂದ ಶುರುವಾಯಿತು. ಒಂದು ದಿನ ಉಬ್ಬು, ಇನ್ನೊಂದು ದಿನ ಮೂಲೆಯಲ್ಲಿ ತಗ್ಗು. ಮತ್ತೆ ಪುಟ್ಟಿ, ಮತ್ತೆ ಒಣಗುವುದು. ಬೇಲಿಯಾಚೆಯಿಂದ ಬೆರಿಲ್ ಕೂಗಿ ಕೇಳಿದಳು: "ಏನಮ್ಮ, ಆ ಮನುಷ್ಯ ಗೋಡೆ ಮಾಡ್ತಿದ್ದಾನೋ ಮದುವೆ ಕೇಕಿಗೆ ಐಸಿಂಗ್ ಹಚ್ತಿದ್ದಾನೋ?" ಆಸ್ಪತ್ರೆಯ ಥೆರಪಿಸ್ಟ್ ಹುಡುಗಿ ಫೋನ್ ಮಾಡಿದಳು. "ಕೋಣೆ ರೆಡಿಯಾ? ರಸೆಲ್‌ನ ಈ ವಾರ ಕಳಿಸಬಹುದು."

"ಗೋಡೆ ಇನ್ನೂ ಒಣಗಿಲ್ಲ," ಎಂದಳು ರೋವೆನಾ. ಮುಂದಿನ ವಾರವೂ ಅದನ್ನೇ ಹೇಳಿದಳು.

ಮಾಡುತ್ತಿರುವುದು ತಪ್ಪೆಂದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಬೆಳಿಗ್ಗೆ ಬೇಕರಿಯಲ್ಲಿ ಹಿಟ್ಟು ನಾದುವಾಗ ಹಾಡು ಗುನುಗುತ್ತಿದ್ದಳು. ಸ್ಟ್ರೋಕ್ ಆದ ದಿನದಿಂದ ಅವಳು ಬರೀ ಫೋನ್ ಎತ್ತುವವಳು, ಸಹಿ ಹಾಕುವವಳು, ಮಾತ್ರೆಯ ಹೆಸರು ನೆನಪಿಟ್ಟುಕೊಳ್ಳುವವಳು ಆಗಿದ್ದಳು. ಈಗ ಒಬ್ಬ ಗಂಡಸು ಅವಳ ಕೈಯ ಪೈನ ತಳ ತೆಳ್ಳಗಿದೆ ಎಂದು ಹೇಳಿ ಕೆಂಪಾಗುತ್ತಿದ್ದ. ಇನ್ನು ಒಂದೇ ವಾರ, ಇನ್ನು ಒಂದೇ ವಾರ ಎಂದುಕೊಂಡಳು.

ಭಾನುವಾರ ಲಾನ್ಸೆಸ್ಟನ್ನಿಗೆ ಹೋದಳು. ರಸೆಲ್ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದ. ಒಂದು ಕಾಲದಲ್ಲಿ ಮೀನಿನ ದೋಣಿಯಿಂದ ಕೂಗಿದರೆ ದಡಕ್ಕೆಲ್ಲ ಕೇಳಿಸುತ್ತಿದ್ದ ಗಂಟಲು ಅದು. ಈಗ ಒಂದೊಂದೇ ಪದವನ್ನು ಹುಡುಕಿ ಎತ್ತಿ ತರಬೇಕಿತ್ತು.

"ರೋ. ಗೋಡೆ... ಒಣಗಿತಾ?"

ನರ್ಸ್ ಹಾಸಿಗೆ ಸರಿಮಾಡುತ್ತಾ ನಕ್ಕಳು. "ಬೆಳಿಗ್ಗೆ ಎದ್ದ ತಕ್ಷಣ ಇದೇ ಮಾತು ಕಣ್ರೀ. ನಮ್ಮನ್ನೆಲ್ಲ ಕೇಳ್ತಾರೆ, ಗೋಡೆ ಒಣಗಿತಾ ಅಂತ. ನಮಗೇನು ಗೊತ್ತು!"

"ಇನ್ನೂ ಇಲ್ಲ ರಸ್. ಚಳಿ ಅಲ್ವಾ."

ಅವನು ತಲೆಯಾಡಿಸಿದ. ಸರಿ ಇರುವ ಎಡಗೈಯನ್ನು ಎತ್ತಿ ಅವಳ ಕೈ ಮೇಲಿಟ್ಟು ಮೆಲ್ಲಗೆ ತಟ್ಟಿದ, ಅವಳಿಗೇ ಸಮಾಧಾನ ಬೇಕಾಗಿದೆ ಎನ್ನುವ ಹಾಗೆ.

"ನೀನು... ಸುಸ್ತಾಗ್ಬೇಡ. ಕಾಯ್ತೀನಿ."

ವಾಪಸ್ಸು ಬರುವಾಗ ದಾರಿಯಲ್ಲಿ ಡೆಲೊರೇನ್ ಊರು ದಾಟಿದ ಮೇಲೆ ರೋವೆನಾ ಕಾರನ್ನು ರಸ್ತೆ ಪಕ್ಕಕ್ಕೆ ಹಾಕಿದಳು. ಸ್ಟೀರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಕಾಯುತ್ತೇನೆ ಎಂದವನಿಗಾಗಿ ಅತ್ತಳು. ನಾಳೆ ಬಿಟ್ಟುಕೊಡಬೇಕಾದವನಿಗಾಗಿ ಅದಕ್ಕಿಂತ ಹೆಚ್ಚು ಅತ್ತಳು, ಅದಕ್ಕೆ ನಾಚಿಕೆಯೂ ಆಯಿತು.

ಸೋಮವಾರ ಅವಳು ಪೈ ತರಲಿಲ್ಲ. ಡೂಗಲ್ ಕೋಣೆಯಲ್ಲಿ ಪುಟ್ಟಿ ಕಲಸುತ್ತಿದ್ದ.

"ಡೂಗಲ್, ಗೋಡೆ ಒಣಗಿದೆ."

"ಆ ಮೂಲೇಲಿ ಇನ್ನೂ ಸ್ವಲ್ಪ..."

"ಒಣಗಿದೆ. ಹೋದ ವಾರಾನೇ ಒಣಗಿತ್ತು. ನಿನಗೂ ಗೊತ್ತು, ನನಗೂ ಗೊತ್ತು."

ಅವನು ಕರಣೆ ಕೆಳಗಿಟ್ಟು, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ. "ಅದಕ್ಕೂ ಹಿಂದಿನ ವಾರ," ಎಂದ.

ಅವಳಿಗೆ ಆ ಹೊತ್ತಿನಲ್ಲೂ ನಗು ಬಂದುಬಿಟ್ಟಿತು. ಅದು ಅಳುವಿಗೆ ತಿರುಗುವ ಮೊದಲು ಅವಳು ಹೇಳಿದಳು: "ಅವನು ದಿನಾ ಕೇಳ್ತಾನಂತೆ. ಗೋಡೆ ಒಣಗಿತಾ, ಗೋಡೆ ಒಣಗಿತಾ ಅಂತ. ಅವನಲ್ಲಿ ಕಾಯ್ತಾ ಕೂತಿದ್ದಾನೆ, ನಾನಿಲ್ಲಿ ನಿನ್ನ ಜೊತೆ ಪೈ ತಿಂತಾ ಕೂತಿದ್ದೀನಿ."

ಡೂಗಲ್ ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಮುಗಿಸಿದ್ರೆ ಹೋಗ್ಬೇಕಲ್ಲ ರೋವೆನಾ. ಅದಕ್ಕೆ ಮುಗಿಸ್ಲಿಲ್ಲ. ಆ ಮನುಷ್ಯನ ಮುಖಾನೂ ನೋಡಿಲ್ಲ ನಾನು. ಅದಕ್ಕೇ ಸುಲಭ ಆಯ್ತೇನೋ." ಕೈಯ ಪುಟ್ಟಿಯನ್ನು ಪ್ಯಾಂಟಿಗೆ ಒರೆಸಿದ. "ನಿನ್ನ ಕಂಡ್ರೆ ನನಗೆ ಪ್ರಾಣ. ಬೆಳಿಗ್ಗೆ ವ್ಯಾನ್ ಹತ್ತೋವಾಗ ಶಿಳ್ಳೆ ಹಾಕ್ತೀನಿ, ಗೊತ್ತಾ? ಹುಚ್ಚನ ಹಾಗೆ."

"ನಾನು ಹಾಡು ಹೇಳ್ಕೊತೀನಿ. ಬೇಕರೀಲಿ ಎಲ್ಲ ನೋಡ್ತಾರೆ."

"ಅವನ ಮೇಲೆ ನಿನಗಿರೋದು ಪ್ರೀತಿನಾ, ಕರುಣೆನಾ?"

"ಎರಡೂ ಇದೆ. ಬೇರೆ ಬೇರೆ ಮಾಡಿ ನೋಡೋಕೆ ನನಗೆ ಬರಲ್ಲ."

ಅವನ ಹುಬ್ಬಿನ ಮೇಲೆ ಅದೇ ಬಿಳಿ ಪುಡಿ. ರೋವೆನಾ ಮುಂದೆ ಬಾಗಿ ಹೆಬ್ಬೆರಳಿನಿಂದ ಅದನ್ನು ಒರೆಸಿದಳು. ಮೊದಲು ಒಂದು ಹುಬ್ಬು, ಆಮೇಲೆ ಇನ್ನೊಂದು. ಅವನು ಕಣ್ಣು ಮುಚ್ಚಿಕೊಂಡು ಕೂತಿದ್ದ. ಅವರಿಬ್ಬರ ನಡುವೆ ನಡೆದದ್ದು ಅಷ್ಟೇ. ಅದಕ್ಕಿಂತ ಹೆಚ್ಚು ಯಾವತ್ತೂ ನಡೆಯಲಿಲ್ಲ.

"ಪ್ಯಾಸೇಜ್ ಬಾಕಿ ಇದೆ," ಎಂದ ಕೊನೆಗೆ, ಎದ್ದು ನಿಂತು. "ವ್ಯಾನಲ್ಲಿ ಎರಡು ಥರದ ಹಲಗೆ ಇದೆ. ಯಾವುದು ಅಂತ ನೀನೇ ಹೇಳ್ಬೇಕು."

"ಏನು ವ್ಯತ್ಯಾಸ?"

"ಒಂದು ಮಾಮೂಲಿ. ಈಗಿರೋದೇ. ನೋಡೋಕೆ ಚೆನ್ನಾಗಿರುತ್ತೆ, ಆದ್ರೆ ಕುರ್ಚಿ ತಾಗಿದ್ರೆ ಮತ್ತೆ ತೂತು. ವರ್ಷದಲ್ಲಿ ಒಂದೆರಡು ಸಲ ಆಗೇ ಆಗುತ್ತೆ. ಕರೆದ್ರೆ ಬಂದು ಮುಚ್ಚಿಕೊಡ್ತೀನಿ." ಅವನು ನೆಲ ನೋಡುತ್ತಿದ್ದ. "ಇನ್ನೊಂದು ಗಟ್ಟಿದು. ಆಸ್ಪತ್ರೆ ಕಾರಿಡಾರಿಗೆ ಹಾಕೋದು. ಕುರ್ಚಿ ಅಲ್ಲ, ಮಂಚ ತಂದು ಗುದ್ದಿದ್ರೂ ಏನಾಗಲ್ಲ."

"ಅದು ಹಾಕಿದ್ರೆ?"

"ಅದು ಹಾಕಿದ್ರೆ ನನಗೆ ಇಲ್ಲಿ ಕೆಲಸ ಇರಲ್ಲ."

ಮಾಮೂಲಿದೇ ಹಾಕು ಎನ್ನಲು ರೋವೆನಾ ಬಾಯಿ ತೆರೆದಳು. ಯಾರಿಗೇನು ನಷ್ಟ? ವರ್ಷದಲ್ಲಿ ಒಂದೆರಡು ಸಲ ಒಬ್ಬ ಕೆಲಸದವನು ಬರುತ್ತಾನೆ, ಟೀ ಕುಡಿಯುತ್ತಾನೆ, ಹೋಗುತ್ತಾನೆ. ಅಷ್ಟು ಸಿಕ್ಕರೆ ಬದುಕಿಬಿಡಬಹುದು ಅನ್ನಿಸಿತು. ಆಮೇಲೆ ಯಾವುದೋ ಒಂದು ಮಧ್ಯಾಹ್ನ ಅವಳ ಕಣ್ಣೆದುರು ಬಂತು. ಅವಳು ಇದೇ ಪ್ಯಾಸೇಜಿನಲ್ಲಿ ಕುರ್ಚಿ ತಳ್ಳುತ್ತಿದ್ದಾಳೆ. ಮನಸ್ಸಿಗೆ ತಡೆಯಲಾಗುತ್ತಿಲ್ಲ. ಕೈ ತಾನಾಗಿಯೇ ಒಂದಿಷ್ಟು ಗೋಡೆಯ ಕಡೆಗೆ ತಿರುಗುತ್ತದೆ. ಕುರ್ಚಿಯಲ್ಲಿ ರಸೆಲ್ ಕೂತಿದ್ದಾನೆ.

"ಗಟ್ಟಿದು ಹಾಕು," ಎಂದಳು.

ಡೂಗಲ್ ಅವಳ ಮುಖವನ್ನು ಒಂದು ಕ್ಷಣ ನೋಡಿದ. "ಸರಿ," ಎಂದ. ಹೊರಗೆ ಹೋಗಿ ಹಲಗೆ ಹೊತ್ತು ತಂದ. ಆಮೇಲಿನ ದಿನಗಳಲ್ಲಿ ಅವನು ಎಲ್ಲೂ ಉಬ್ಬು ಹುಡುಕಲಿಲ್ಲ. ಕೆಲಸ ಸರಸರ ಸಾಗಿತು. ಮುಗಿದ ದಿನ ನೆಲದ ಪುಡಿಯನ್ನೆಲ್ಲ ತಾನೇ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಗಿಲಲ್ಲಿ ನಿಂತ.

"ಬರ್ತೀನಿ," ಎಂದ, ಎಲ್ಲರೂ ಹೇಳುವ ಹಾಗೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಹೂಂ. ಹುಷಾರು," ಎಂದಳು ಅವಳು. ವ್ಯಾನು ತಿರುವು ದಾಟುವವರೆಗೂ ಬಾಗಿಲಲ್ಲಿ ನಿಲ್ಲಬಾರದೆಂದುಕೊಂಡಿದ್ದಳು, ಆದರೂ ನಿಂತಳು.

ಅದೇ ವಾರ ರಸೆಲ್ ಬಂದ. ಆಸ್ಪತ್ರೆಯವರು ಹೋದ ಮೇಲೆ ಹೊಸ ಕೋಣೆಯನ್ನು ನಿಧಾನವಾಗಿ ನೋಡಿದ, ಎಡಗೈ ಚಾಚಿ ಗೋಡೆ ಸವರಿದ.

"ನುಣ್ಣಗಿದೆ. ಯಾರು... ಮಾಡಿದ್ದು?"

"ಡೂಗಲ್ ಅಂತ. ಅಲ್ವರ್‌ಸ್ಟನ್ನಿನವನು."

"ಒಳ್ಳೆಯವನಾ?"

"ಹೂಂ ರಸ್. ಒಳ್ಳೆಯವನು."

"ಕರಿ... ಒಂದಿನ. ಬಿಯರ್... ಕೊಡೋಣ."

"ಅವನಿಗೆ ಪುರಸೊತ್ತಿಲ್ಲ," ಎಂದಳು ರೋವೆನಾ. "ಬರಲ್ಲ."

ಹಜಾರಕ್ಕೆ ಕರೆದೊಯ್ಯಲು ಕುರ್ಚಿ ತಿರುಗಿಸಿದಳು. ಪ್ಯಾಸೇಜಿನಲ್ಲಿ ಕಾಲಿಡುವ ಕಬ್ಬಿಣ ಗೋಡೆಗೆ ಠಣ್ಣನೆ ಬಡಿಯಿತು. ಇಬ್ಬರೂ ಬಾಗಿ ನೋಡಿದರು. ಗೋಡೆಯ ಮೇಲೆ ಒಂದು ಗೀರೂ ಇರಲಿಲ್ಲ.

"ಗಟ್ಟಿ!" ಎಂದ ರಸೆಲ್, ಮತ್ತು ನಕ್ಕ. ದೋಣಿಯ ಮೇಲಿನ ಹಳೆಯ ನಗು, ಮನೆ ತುಂಬುವಂಥದ್ದು. ಕಾಯಿಲೆ ಬಿದ್ದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು. ಕುರ್ಚಿಯ ಹಿಂದೆ ನಿಂತಿದ್ದ ರೋವೆನಾಳೂ ಅವನ ಜೊತೆ ನಕ್ಕಳು. ಅವನ ನಗು ನಿಲ್ಲುವವರೆಗೂ ನಕ್ಕಳು. ಆಮೇಲೆ ಟೀಗೆ ನೀರಿಡುತ್ತೇನೆಂದು ಒಬ್ಬಳೇ ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.