ಚೌಕಟ್ಟಿನ ಹಕಾರ

ನನ್ನ ಗಂಡ ಪುಟ್ಟರಾಜು ಮಂಡ್ಯದವನು. ಹಾಲನ್ನು ಆಲು ಎನ್ನುತ್ತಾನೆ. ತಿದ್ದಿ ತಿದ್ದಿ ನನಗೆ ಸಾಕಾಗಿಹೋಗಿದೆ. ಅದು ಸಾಲದೆಂಬಂತೆ, ಮಗಳು ಆನಿ, ಮನ್ರೋ ಎಂಬ ಈ ಪರದೇಶದ ಊರಿನ ನಮ್ಮ ಹೊಸ ಮನೆಯ ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ಒಂದು ಗೀರು ಕೆತ್ತಿಟ್ಟಳು. ಶಾಲೆಯಲ್ಲಿ ಕಲಿತ ಹಳೆಯ ಐರಿಶ್ ಅಕ್ಷರವಂತೆ.

"ಇಟ್ಸ್ ಜಸ್ಟ್ ಎಚ್, ಅಮ್ಮಾ."

ಆ ಲಿಪಿಯಲ್ಲಿ ಕೆಲವು ಅಕ್ಷರಗಳಿಗೆ ಮರಗಳ ಹೆಸರಂತೆ, ಇದರ ಹೆಸರಿಗೆ ಮಾತ್ರ ಭಯ ಎಂದು ಅರ್ಥವಂತೆ. ಗದರಿ, ಗೀರು ಮುಚ್ಚಿ ಬಣ್ಣ ಬಳಿದೆ.

ಮರುದಿನ ಬೆಳಿಗ್ಗೆ ಬೆನ್ನ ಹಿಂದೆ "ಹಾಲು" ಎಂದು ಸ್ಪಷ್ಟವಾಗಿ ಕೇಳಿಸಿತು. ಕೊನೆಗೂ ಕಲಿತನಲ್ಲ ಎಂದು ತಿರುಗಿದೆ. ಗಂಡ ಅಂದದ್ದು ಎಂದಿನ "ಆಲು"ವೇ. ಹಕಾರ ಮಾತ್ರ ಚೌಕಟ್ಟಿನಿಂದ ತಣ್ಣನೆಯ ಉಸಿರಾಗಿ ಬಂದು ನನ್ನ ಕತ್ತಿಗೆ ತಾಗಿತ್ತು.

ನಿನ್ನೆ ಸ್ಕೂಲ್ ಬಸ್ ಬಂತೆಂದು ಆ ಚೌಕಟ್ಟಿನ ಬಳಿಯೇ ನಿಂತು "ಆನಿ" ಎಂದು ಕೂಗಿದೆ. ಮನೆಯಲ್ಲಿ ಕೇಳಿಸಿದ್ದು "ಹಾನಿ".

ಮಗಳು ಅದಕ್ಕೇ ಓಗೊಟ್ಟಳು: "ಕಮಿಂಗ್!"